ಮಾತಾಡಿಸಿದರೆ

ಆಸ್ಪತ್ರೆಗೆ ಹೊರಟವರನ್ನು ಎಲ್ಲಿಗೆ ಅಂತ ಕೇಳಿ ನೋಡಿ. ‘ಅತ್ತೇನ ಅಡ್ಮಿಟ್ ಮಾಡಿದಾರೆ, ಮಾತಾಡಿಸ್ಕೊಂಡು ಬರ್ತೀನಿ’ ಅನ್ನುತ್ತಾರೆ. ಸಾವಾದ ಮನೆಗೆ ಹೋಗುವುದೂ ಮಾತಾಡಿಸಲಿಕ್ಕೇ. ಅಲ್ಲಿಗೆ ಹೋದವರು ಬಹಳ ಸಲ ಬಾಯಿ ಬಿಟ್ಟಿರುವುದೇ ಇಲ್ಲ. ಮಗ್ಗುಲಲ್ಲಿ ಕೂತು, ಮನೆಯವರು ‘ಬೆಳಿಗ್ಗೆ ಕಾಫಿ ಕುಡಿದಿದ್ರು, ಚೆನ್ನಾಗೇ ಇದ್ರು’ ಅಂತ ನಾಲ್ಕನೇ ಸಲ ಹೇಳುವುದನ್ನು ಹೊಸದೆಂಬಂತೆ ಕೇಳಿಸಿಕೊಂಡು, ‘ಬರ್ತೀನಿ’ ಎಂದೂ ಹೇಳದೆ ಎದ್ದು ಬರುತ್ತಾರೆ. ಬಂದಮೇಲೆ ಹೇಳುವುದು ಮಾತ್ರ ‘ಮಾತಾಡಿಸಿ ಬಂದೆ’ ಎಂದೇ. ಮಾತಾಡದೆ ಕೂತವರು ಮಾತಾಡಿಸಿ ಬಂದೆ ಅನ್ನುವುದರಲ್ಲಿ ಸುಳ್ಳೇನೂ ಇಲ್ಲ. ಆ ಕ್ರಿಯಾಪದದ ಅರ್ಥವೇ ಅದು: ಮಾತು ನಮ್ಮದಲ್ಲ, ಅವರದು. ನಾವು ಹೋದದ್ದು ಅವರ ಬಾಯಿಂದ ಮಾತು ಹೊರಡಲಿ ಅಂತ.

ಕನ್ನಡದ ‘ಇಸು’ ಎಷ್ಟು ಕೆಲಸ ಮಾಡುವ ಪ್ರತ್ಯಯ ಎನ್ನುವುದು ನಮಗೆ ಬಳಸಿ ಬಳಸಿ ಮರೆತೇಹೋಗಿದೆ. ಉಣ್ಣು ಉಣಿಸು ಆಗುತ್ತದೆ, ನಗು ನಗಿಸು ಆಗುತ್ತದೆ, ಓದು ಓದಿಸು ಆಗುತ್ತದೆ. ಮಗಳನ್ನು ಓದಿಸಿದೆ ಎಂದ ತಾಯಿ ಸ್ವತಃ ಒಂದಕ್ಷರ ಓದಿರಬೇಕೆಂದಿಲ್ಲ. ಹಾಗೆಯೇ ಮಾತಾಡಿಸಲು ವಾಗ್ಮಿಯಾಗಿರಬೇಕಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಮಾತಾಡುವುದಾದರೆ ನಾವು ಒಬ್ಬರ ‘ಜೊತೆ’, ಒಬ್ಬರ ‘ಹತ್ತಿರ’ ಮಾತಾಡುತ್ತೇವೆ. ಮಾತಾಡಿಸುವಾಗ ನಡುವೆ ಆ ಜೊತೆಯೂ ಇಲ್ಲ, ಹತ್ತಿರವೂ ಇಲ್ಲ. ‘ಅವನನ್ನು ಮಾತಾಡಿಸಿದೆ’, ಅಷ್ಟೇ. ಕ್ರಿಯೆ ನೇರವಾಗಿ ಆ ಮನುಷ್ಯನನ್ನೇ ಮುಟ್ಟುತ್ತದೆ. ಹಿಂದಿನವರು ಇದನ್ನೇ ‘ನುಡಿಸು’ ಅನ್ನುತ್ತಿದ್ದರು. ಆಮೇಲೆ ಆ ಪದ ಹೆಚ್ಚುಕಡಿಮೆ ವಾದ್ಯಗಳ ಪಾಲಾಯಿತು. ಈಗ ವೀಣೆಯನ್ನು ನುಡಿಸುತ್ತೇವೆ, ಮನುಷ್ಯರನ್ನು ಮಾತಾಡಿಸುತ್ತೇವೆ.

ಇಷ್ಟೊಂದು ದಿನಬಳಕೆಯ ಪದ ಹದಿನಾರು, ಹದಿನೇಳು, ಇಪ್ಪತ್ತರ ವಯಸ್ಸಿನವರ ಹತ್ತಿರ ಬಂದಾಗ ಏಕೆ ಸೊರಗುತ್ತದೆ ಎನ್ನುವುದು ನನ್ನನ್ನು ಕಾಡುವ ಪ್ರಶ್ನೆ. ಮಗುವನ್ನು ಎಲ್ಲರೂ ಮಾತಾಡಿಸುತ್ತಾರೆ. ಬಸ್ಸಿನಲ್ಲಿ ಗುರುತಿಲ್ಲದವರೂ ಕೆನ್ನೆ ಹಿಂಡಿ ‘ಏನ್ ಮರಿ, ಎಲ್ಲಿಗೆ ಹೊರಟೆ’ ಅನ್ನುತ್ತಾರೆ. ವಯಸ್ಸಾದವರನ್ನು ಮಾತಾಡಿಸಬೇಕು ಎನ್ನುವ ಸಂಸ್ಕಾರವೂ ಇನ್ನೂ ಉಳಿದಿದೆ. ನಡುವಿನ ಈ ಮಕ್ಕಳನ್ನು ಮಾತ್ರ ನಾವು ವಿಚಾರಿಸುತ್ತೇವೆ. ಒಂದು ಮದುವೆಮನೆಯಲ್ಲಿ ಪಿಯುಸಿ ಹುಡುಗಿಯೊಬ್ಬಳ ಪಕ್ಕ ಅರ್ಧ ಗಂಟೆ ಕೂತರೆ ಸಾಕು. ‘ಎಸ್ಸೆಸ್ಸೆಲ್ಸೀಲಿ ಎಷ್ಟು ಬಂತು?’ ‘ಸೈನ್ಸಾ, ಕಾಮರ್ಸಾ?’ ‘ನೀಟ್ ಬರೀತೀಯಾ, ಸಿಇಟಿಯಾ?’ ‘ಕೋಚಿಂಗ್ ಎಲ್ಲಿ?’ ಕೇಳಿದವರೆಲ್ಲ ಪ್ರೀತಿಯಿಂದಲೇ ಕೇಳುತ್ತಾರೆ, ಅನುಮಾನವಿಲ್ಲ. ಆದರೆ ಅವಳ ಉತ್ತರ ಪ್ರತಿಸಲವೂ ಒಂದು ಅಂಕಿ, ಇಲ್ಲವೆ ಒಂದು ಕಾಲೇಜಿನ ಹೆಸರು. ಓದು ಮುಗಿಸಿದ ಅಣ್ಣ ಪಕ್ಕದಲ್ಲಿದ್ದರೆ ‘ಪ್ಯಾಕೇಜ್ ಎಷ್ಟು’ ಅನ್ನುವುದು ಅವನ ಪಾಲಿಗೆ. ಅಷ್ಟೂ ಜನ ಎದ್ದು ಪಂಕ್ತಿಗೆ ಹೋದಮೇಲೆ ಆ ಹುಡುಗಿಯನ್ನು ಯಾರಾದರೂ ಮಾತಾಡಿಸಿದರು ಅನ್ನಬಹುದೇ? ವಿಚಾರಿಸಿದರು. ಇಬ್ಬರು ಬುದ್ಧಿಯನ್ನೂ ಹೇಳಿದರು. ವಿಚಾರಣೆಯ ಕೊನೆಗೆ ತೀರ್ಪು ಇರುತ್ತದೆ. ಅದು ಗೊತ್ತಿರುವುದರಿಂದಲೇ ಈ ವಯಸ್ಸಿನವರು ನೆಂಟರು ಬಂದರೆ ರೂಮಿನ ಬಾಗಿಲು ಹಾಕಿಕೊಳ್ಳುತ್ತಾರೆ, ನಾವು ತಪ್ಪನ್ನು ಮೊಬೈಲಿನ ಮೇಲೆ ಹಾಕುತ್ತೇವೆ.

ಮಾತಾಡಿಸದೇ ಇರುವುದರ ಬಲ ಎಂಥದೆಂದು ನಮ್ಮ ಸಮಾಜಕ್ಕೆ ಚೆನ್ನಾಗಿ ಗೊತ್ತು. ಮಕ್ಕಳು ‘ಟೂ’ ಬಿಡುತ್ತಾರೆ, ಸಂಜೆಗೆ ರಾಜಿಯಾಗುತ್ತಾರೆ. ದೊಡ್ಡವರು ‘ಮಾತು ಬಿಡು’ತ್ತಾರೆ, ಅದು ತಲೆಮಾರು ದಾಟಿದ್ದೂ ಇದೆ. ‘ಎದುರಿಗೇ ಸಿಕ್ಕಿದ್ರೂ ಮಾತಾಡಿಸಲಿಲ್ಲ ನೋಡು’ ಎಂದು ಇಪ್ಪತ್ತು ವರ್ಷದ ಹಿಂದಿನ ಗೃಹಪ್ರವೇಶವನ್ನು ನೆನೆದು ಕಣ್ಣೀರು ಹಾಕುವವರನ್ನು ಕಂಡಿದ್ದೇನೆ. ಎಲ್ಲಕ್ಕಿಂತ ಕ್ರೂರವಾದದ್ದು ಊರೇ ಸೇರಿ ಹಾಕುವ ಬಹಿಷ್ಕಾರ: ಈ ಕುಟುಂಬವನ್ನು ಮಾತಾಡಿಸಿದವರಿಗೆ ಇಷ್ಟು ದಂಡ ಎನ್ನುವ ಸುದ್ದಿ ಇಂದಿಗೂ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಬರುತ್ತಲೇ ಇದೆ. ಹೊಡೆಯದೆ, ಬೈಯದೆ, ಬರೀ ಮಾತಾಡಿಸದೆ ಒಂದು ಮನೆಯನ್ನು ಮುರಿಯಬಹುದು ಎಂಬ ಅರಿವು ಅದರ ಹಿಂದಿದೆ. ಕಾಲೇಜುಗಳಲ್ಲಿ ಈಗ ಇದೇ ಕೆಲಸ ಇನ್ನೂ ಸುಲಭ. ಕ್ಲಾಸಿನ ವಾಟ್ಸಾಪ್ ಗ್ರೂಪಿನಿಂದ ಒಬ್ಬಳನ್ನು ಬಿಟ್ಟು ಇನ್ನೊಂದು ಗ್ರೂಪ್ ಮಾಡಿದರೆ ಆಯಿತು. ಅವಳ ಮೆಸೇಜಿನ ಮುಂದೆ ನೀಲಿ ಟಿಕ್ ಬೀಳುತ್ತದೆ, ಉತ್ತರ ಬರುವುದಿಲ್ಲ. ಮೇಷ್ಟ್ರ ಕಣ್ಣಿಗೆ ಕಾಣುವಂಥದ್ದು ಏನೂ ನಡೆದಿರುವುದಿಲ್ಲ.

ನನಗೆ ಗೊತ್ತಿರುವ ಒಂದು ತಾಲ್ಲೂಕು ಕೇಂದ್ರದ ಬಿಸಿಎಂ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಹೆಂಗಸೊಬ್ಬರಿದ್ದಾರೆ. ಹುಡುಗರಿಗೆಲ್ಲ ಅವರು ಅಕ್ಕ. ಆಕೆ ಹೇಳಿದ್ದು ಇದು. ಫಸ್ಟ್ ಪಿಯುಗೆ ಸೇರಿದ ಒಬ್ಬ ಹುಡುಗ ಎರಡು ದಿನದಿಂದ ತಟ್ಟೆಯಲ್ಲಿ ಅನ್ನ ಬಿಡುತ್ತಿದ್ದ. ಮೂರನೆಯ ದಿನ ಆಕೆ ‘ಸಾರಿಗೆ ಉಪ್ಪು ಜಾಸ್ತಿ ಆಗಿತ್ತೇನಪ್ಪ?’ ಎಂದರು.

‘ಇಲ್ಲಕ್ಕ.’

‘ಮತ್ತೆ ಬಿಟ್ಟಿದ್ದೆ?’

‘ಹಸಿವಾಗ್ಲಿಲ್ಲ.’

ಆಕೆ ಮುಂದೆ ಕೇಳಲಿಲ್ಲ. ಅವರೆಕಾಯಿ ಬುಟ್ಟಿಯನ್ನು ಅವನ ಮುಂದೆ ಸರಿಸಿ, ‘ಕೂತ್ಕೊ, ನನಗೊಬ್ಬಳಿಗೆ ಆಗೋದಿಲ್ಲ, ಸ್ವಲ್ಪ ಸುಲಿದುಕೊಡು’ ಎಂದರು. ಇಬ್ಬರೂ ತಲೆ ಬಗ್ಗಿಸಿ ಕಾಯಿ ಸುಲಿದರು. ಬುಟ್ಟಿ ಅರ್ಧ ಆಗುವವರೆಗೂ ಮಳೆ, ಅವನೂರಿನ ಬಸ್ಸು, ಮನೆಯ ಎಮ್ಮೆ ಇಂಥದ್ದೇ. ಆಮೇಲೆ ಅವನಾಗಿಯೇ ಹೇಳಿದ: ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಇಲ್ಲಿ ಫಿಸಿಕ್ಸ್ ಪೂರ್ತಿ ಇಂಗ್ಲಿಷಿನಲ್ಲಿ, ಮೇಷ್ಟ್ರು ಹೇಳುವುದು ಒಂದೂ ತಲೆಗೆ ಹೋಗುತ್ತಿಲ್ಲ, ಊರಿನಲ್ಲಿ ಫಸ್ಟ್ ಬಂದವನು ಅಂತ ಹಾರ ಹಾಕಿ ಕಳಿಸಿದ್ದಾರೆ, ಈಗ ವಾಪಸ್ ಹೋಗಿ ಯಾವ ಮುಖ ತೋರಿಸುವುದು. ಆಕೆಗೆ ಫಿಸಿಕ್ಸ್ ಗೊತ್ತಿಲ್ಲ, ಮೀಡಿಯಮ್ಮಿನ ಕಷ್ಟ ಪರಿಹರಿಸುವ ದಾರಿಯೂ ಗೊತ್ತಿಲ್ಲ. ‘ಅಯ್ಯೋ, ಇಷ್ಟು ದಿನ ಒಬ್ಬನೇ ಇಟ್ಕೊಂಡಿದ್ಯಾ’ ಅಂದರಂತೆ. ಮರುದಿನ ಅವನಂತೆಯೇ ಕನ್ನಡ ಮೀಡಿಯಮ್ಮಿನಿಂದ ಬಂದಿದ್ದ ಸೆಕೆಂಡ್ ಪಿಯು ಹುಡುಗನೊಬ್ಬನನ್ನು ಕರೆದು, ಇವನನ್ನು ನಿನ್ನ ಜೊತೆ ಕೂರಿಸಿಕೊ ಎಂದರು. ಹುಡುಗ ತಟ್ಟೆಯಲ್ಲಿ ಬಿಡುವುದು ನಿಂತಿತು. ಫಿಸಿಕ್ಸ್ ಸುಲಭವಾಯಿತೋ ಇಲ್ಲವೋ ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಆ ಬುಟ್ಟಿ. ಎದುರುಬದುರು ಕೂರಿಸಿ, ಕಣ್ಣಲ್ಲಿ ಕಣ್ಣಿಟ್ಟು ‘ಏನಾಗಿದೆ ಹೇಳು’ ಎಂದರೆ ಈ ವಯಸ್ಸಿನವರು ‘ಏನಿಲ್ಲ’ ಅನ್ನುತ್ತಾರೆ. ಕೈಗೆ ಕೆಲಸ, ಕಣ್ಣು ಬೇರೊಂದು ಕಡೆ ಇದ್ದಾಗ ಮಾತು ಹೊರಡುತ್ತದೆ. ಸ್ಕೂಟರಿನ ಹಿಂದೆ ಕೂತಾಗ, ಬಟ್ಟೆ ಮಡಿಸುವಾಗ, ಚಾರ್ಜರ್ ರಿಪೇರಿಗೆ ಅಂತ ಪೇಟೆಗೆ ನಡೆದುಹೋಗುವಾಗ ನಮ್ಮ ಮಕ್ಕಳು ಹೇಳಿದಷ್ಟು ಊಟದ ಮೇಜಿನ ಮುಂದೆ ಹೇಳಿಲ್ಲ. ಮತ್ತೆ ಆಕೆ ಕೇಳಿದ್ದು ತನ್ನ ಸಾರಿನ ಬಗ್ಗೆ, ಅವನ ಬಗ್ಗೆ ಅಲ್ಲ. ತಪ್ಪೇನಾದರೂ ಇದ್ದರೆ ನನ್ನ ಕಡೆ ಇರಬಹುದು ಎಂದು ಬಾಗಿಲು ತೆರೆದರು. ಯಾವ ತರಬೇತಿಯೂ ಇಲ್ಲದೆ ಇಷ್ಟು ನಯವಾಗಿ ಮಾತಾಡಿಸಬಲ್ಲವರು ನಮ್ಮ ಊರು ಕೇರಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಾಸ್ಟೆಲಿನ ವಾಚ್‌ಮನ್, ಬಸ್ ಪಾಸ್ ನೋಡುವ ಕಂಡಕ್ಟರ್, ಕಾಲೇಜಿನ ಎದುರು ಜೆರಾಕ್ಸ್ ಅಂಗಡಿ ಇಟ್ಟವನು, ರಾಯಚೂರಿನಿಂದಲೋ ಶಿರಸಿಯಿಂದಲೋ ಬೆಂಗಳೂರಿಗೆ ಕೆಲಸಕ್ಕೆ ಬಂದ ಹುಡುಗಿಯರಿಗೆ ಪೀಜಿ ನಡೆಸುವ ಆಂಟಿ. ಪೋಷಕರಿಗೂ ಉಪನ್ಯಾಸಕರಿಗೂ ಸಿಕ್ಕದ ಒಂದು ಅನುಕೂಲ ಇವರಿಗಿದೆ: ಇವರು ಅಂಕ ಕೇಳುವುದಿಲ್ಲ.

ಇಷ್ಟು ಸಣ್ಣದರಿಂದ ಏನಾಗುತ್ತದೆ ಎನ್ನುವವರಿಗೆ ಒಂದು ಹಳೆಯ ಪ್ರಯೋಗದ ವಿಷಯ ಹೇಳಬೇಕು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೆರೋಮ್ ಮೋಟೊ ಎಂಬ ಮನೋವೈದ್ಯರಿದ್ದರು. ಖಿನ್ನತೆಯಿಂದಲೋ ಬದುಕು ಸಾಕೆನಿಸಿಯೋ ಆಸ್ಪತ್ರೆ ಸೇರಿ, ಬಿಡುಗಡೆಯಾದ ಮೇಲೆ ಮುಂದಿನ ಚಿಕಿತ್ಸೆ ಬೇಡವೆಂದ 843 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಐದು ವರ್ಷ ಆಗಾಗ ಪುಟ್ಟ ಪತ್ರ ಹೋಗುತ್ತಿತ್ತು, ಆಸ್ಪತ್ರೆಯಲ್ಲಿ ಅವರನ್ನು ಕಂಡು ಮಾತಾಡಿದ್ದವರ ಸಹಿಯಲ್ಲಿ. ಪತ್ರದಲ್ಲಿ ಇರುತ್ತಿದ್ದದ್ದು ಎರಡೇ ಸಂಗತಿ: ನೀವು ಚೆನ್ನಾಗಿದ್ದೀರೆಂದು ನಂಬಿದ್ದೇವೆ, ಬರೆಯಬೇಕೆನಿಸಿದರೆ ನಮಗೆ ಸಂತೋಷ. ಮಾತ್ರೆ ತಗೊಂಡಿರಾ ಎಂದಿಲ್ಲ, ಯಾವಾಗ ಬರುತ್ತೀರಿ ಎಂದಿಲ್ಲ. 2001ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪತ್ರ ಪಡೆದವರಲ್ಲಿ ಆತ್ಮಹತ್ಯೆಯ ಸಾವುಗಳು ಕಡಿಮೆ ಇದ್ದವು. ಮೊದಲ ಎರಡು ವರ್ಷದಲ್ಲಿ ವ್ಯತ್ಯಾಸ ಎದ್ದುಕಾಣುವಂತಿತ್ತು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಇಂಥದೇ ಪ್ರಯತ್ನಗಳು ನಡೆದವು, ಫಲ ಎಲ್ಲ ಕಡೆಯೂ ಒಂದೇ ರೀತಿ ಬರಲಿಲ್ಲ. ಆದರೂ ಉತ್ತರ ಬೇಡದ ಒಂದು ಮಾತು, ಮೇಲಿಂದ ಮೇಲೆ, ಒಬ್ಬ ಮನುಷ್ಯನನ್ನು ಹಿಡಿದು ನಿಲ್ಲಿಸಬಲ್ಲದು ಎಂದು ನಂಬಲು ಇಷ್ಟು ಸಾಕು ಅನಿಸುತ್ತದೆ ನನಗೆ. ಮೋಟೊ ಮಾಡಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಒಂದೇ ಪದ: ಮಾತಾಡಿಸಿದರು.

ನಾವು ಹಿಂಜರಿಯುವುದಕ್ಕೆ ಇನ್ನೊಂದು ಕಾರಣವಿದೆ. ‘ಈಗ ಫೋನ್ ಮಾಡಿದರೆ ಏನಂದ್ಕೋತಾರೋ, ಡಿಸ್ಟರ್ಬ್ ಆಗುತ್ತೇನೋ’ ಎನ್ನುವ ಸಂಕೋಚ. ಪೆಗ್ಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಕಂಡದ್ದು ಈ ಸಂಕೋಚಕ್ಕೆ ವಿರುದ್ಧವಾದದ್ದು. ಸುಮ್ಮನೆ ನೆನಪಿಸಿಕೊಂಡು ಮಾತಾಡಿಸಿದಾಗ ಆ ಕಡೆಯವರಿಗೆ ಆಗುವ ಸಂತೋಷವನ್ನು ನಾವು ಸಾಮಾನ್ಯವಾಗಿ ಕಡಿಮೆಯೇ ಅಂದಾಜು ಮಾಡುತ್ತೇವೆ. ಅನಿರೀಕ್ಷಿತವಾಗಿ ಬಂದಷ್ಟೂ ಆ ಸಂತೋಷ ಹೆಚ್ಚು.

ಮಾತಾಡಿಸಿದಾಗ ಬರುವ ಉತ್ತರ ಭಾರವಾಗಿದ್ದರೆ? ಈ ಭಯ ಸಹಜ. ದೇಶದಲ್ಲಿ 2022ರ ಒಂದೇ ವರ್ಷ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಕೊಟ್ಟಿದೆ. ಕಾರಣಗಳು ಯಾವಾಗಲೂ ಒಂದಕ್ಕಿಂತ ಹೆಚ್ಚು ಇರುತ್ತವೆ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿದರೆ ಅದನ್ನು ತಲೆಗೆ ತುಂಬಿದಂತಾಗುವುದಿಲ್ಲ. ಕೇಳಿದ್ದರಿಂದ ಎದೆ ಹಗುರಾಗುವುದೇ ಹೆಚ್ಚು ಎಂದು ಈ ಕ್ಷೇತ್ರದ ವೈದ್ಯರು ಹೇಳುತ್ತಾರೆ. ಹೌದು ಎಂಬ ಉತ್ತರ ಬಂದರೆ ಅವರನ್ನು ಒಂಟಿಯಾಗಿ ಬಿಡದೆ, ಪಕ್ಕದಲ್ಲೇ ಕೂತು 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಇದಕ್ಕೆ ನಮ್ಮ ನಿಮ್ಹಾನ್ಸ್ ಸಂಸ್ಥೆಯೇ ಕೇಂದ್ರ. ಹಗಲು ರಾತ್ರಿ, ಪೈಸೆ ಖರ್ಚಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ನಡೆಸಿಕೊಂಡು ಬಂದ ‘ಯುವ ಸ್ಪಂದನ’ದಲ್ಲಿ ಯುವಜನರನ್ನೇ ತರಬೇತುಗೊಳಿಸಿ ‘ಯುವ ಪರಿವರ್ತಕ’ರೆಂದು ಕರೆದರು. ತಮ್ಮ ವಯಸ್ಸಿನವರನ್ನು ಮಾತಾಡಿಸಲು ತಮ್ಮ ವಯಸ್ಸಿನವರು. ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರೂ ಮನಸ್ಸಿನ ವಿಷಯವನ್ನು ಹಳ್ಳಿಯ ಓದುಗರಿಗೂ ತಿಳಿಯುವ ಕನ್ನಡದಲ್ಲಿ ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಆಪ್ತಸಲಹೆಯನ್ನು ಡಾಕ್ಟರ ಕೋಣೆಯಿಂದ ಜನಸಾಮಾನ್ಯರ ಕೈಗೆ ತಂದವರಲ್ಲಿ ಅವರೊಬ್ಬರು. ನಾವು ಮಾತಾಡಿಸುವುದು ಇವರೆಲ್ಲರ ಕೆಲಸಕ್ಕೆ ಬದಲಿಯಲ್ಲ. ಆದರೆ ನಮ್ಮಂಥ ಯಾರೋ ಒಬ್ಬರು ಮೊದಲು ಮಾತಾಡಿಸದೆ ಹುಡುಗರು ಅವರ ಬಾಗಿಲವರೆಗೆ ಹೋಗುವುದು ಕಡಿಮೆ.

ಏಪ್ರಿಲ್, ಮೇ ಬಂದರೆ ಫಲಿತಾಂಶದ ಕಾಲ. 2024ರಲ್ಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಪೂರಕ ಪರೀಕ್ಷೆ ಹೋಗಿ ಪರೀಕ್ಷೆ-1, 2, 3 ಬಂದವು. ಫೇಲು ಎಂಬ ಪದದ ಅಂಚು ಸ್ವಲ್ಪ ಮೊಂಡಾಗಿದೆ, ಒಳ್ಳೆಯದಾಯಿತು. ಫಲಿತಾಂಶದ ದಿನ ಎಲ್ಲರೂ ಫೋನ್ ಮಾಡುತ್ತಾರೆ. ಚೆನ್ನಾಗಿ ಬಂದವರಿಗೆ ಎರಡನೇ ದಿನವೂ ಮಾಡುತ್ತಾರೆ. ಬಾರದವರ ಮನೆಗೆ ನಾಲ್ಕನೇ ದಿನ ಯಾರ ಫೋನೂ ಇರುವುದಿಲ್ಲ, ಅಪ್ಪ ಅಮ್ಮನೂ ಬೈದು ಸುಸ್ತಾಗಿ ಸುಮ್ಮನಾಗಿರುತ್ತಾರೆ. ಆ ದಿನ ಮಾಡಿ, ತಂದೆ ತಾಯಿಯ ನಂಬರಿಗಲ್ಲ, ಹುಡುಗನ ನಂಬರಿಗೇ. ನಾಳೆ ಮಾವಿನಹಣ್ಣು ತರಲು ಹೋಗುತ್ತಿದ್ದೇನೆ, ಗಾಡಿ ಓಡಿಸೋದಕ್ಕೆ ಜೊತೆ ಬೇಕು, ಬರ್ತೀಯಾ ಎಂದು ಕೇಳಿ. ಪರೀಕ್ಷೆ-2ಕ್ಕೆ ಕಟ್ಟಿದೆಯಾ ಎಂಬುದನ್ನು ಅವನಾಗಿ ಹೇಳುವವರೆಗೂ ಕೇಳಬೇಡಿ.