ಹುಡುಕಿದರೆ ಸಿಗದ ಕನ್ನಡ

ಬೀದರ್ ಕಡೆಯವನು ಇತಿಹಾಸ ಹೇಳ್ತೀನಿ ಅಂದ್ರೆ ಕೋಟೆ, ಗವಾನನ ಮದರಸಾ ಬಂದೇ ಬರ್ತಾವ ಅಂತ ನೀವು ಅಂದ್ಕೊಂಡಿರ್ತೀರಿ. ಇವತ್ತು ಅವೆರಡೂ ಇಲ್ಲ. ಇವತ್ತಿನದು ಸುಮಾರು ಮೂವತ್ತು ವರ್ಷ ವಯಸ್ಸಿನ ಇತಿಹಾಸ, ಅದೂ ನಿಮ್ಮ ಕೈಯಲ್ಲಿರೋ ಫೋನಿನ ಒಳಗಿನದು. ಏನಾದರೂ ಹುಡುಕಿದಾಗ ಯಾವುದು ಮೊದಲು ಕಾಣಬೇಕು ಅಂತ ಯಾರು ನಿರ್ಧರಿಸ್ತಾರೆ? ಆ ನಿಯಮ ಬದಲಾದ ದಿನ ವೆಬ್‌ಸೈಟ್ ಇಟ್ಕೊಂಡವನ ಗತಿ ಏನು?

ನಮ್ಮೂರು ಔರಾದ. ಬೀದರ್‌ನಿಂದ ಸುಮಾರು ನಲವತ್ತು ಕಿಲೋಮೀಟರ್, ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. 2009ರ ಸುಮಾರಿಗೆ ನನ್ನ ಗೆಳೆಯನೊಬ್ಬ ಬಸ್‌ಸ್ಟ್ಯಾಂಡ್ ಹತ್ತಿರ ಟೈಪಿಂಗ್ ಅಂಗಡಿ ಇಟ್ಟಿದ್ದ. ಅರ್ಜಿ, ಲಗ್ನಪತ್ರಿಕೆ, ಬಾಂಡ್ ಪೇಪರ್. ಬಿಡುವಿದ್ದಾಗ ತಾಲ್ಲೂಕಿನ ಸುದ್ದಿ ಬರೆದು ಒಂದು ಚಿಕ್ಕ ವೆಬ್‌ಸೈಟಿಗೆ ಹಾಕ್ತಿದ್ದ: ಅಮರೇಶ್ವರ ಜಾತ್ರೆ, ತೊಗರಿ ರೇಟು, ಯಾವ ಊರಿನ ಬಸ್ ಬಂದಾಗ್ಯದ ಅನ್ನೋದು. ಜಾತ್ರೆ ಬಗ್ಗೆ ಒಂದೆರಡು ಲೇಖನ ನಾನೂ ಬರೆದುಕೊಟ್ಟಿದ್ದೆ. ಒಂದು ದಿನ ಇಬ್ಬರೂ ಕುಂತು ಹುಡುಕು ಪೆಟ್ಟಿಗೆಯಲ್ಲಿ ಕನ್ನಡದಲ್ಲೇ ಊರ ಹೆಸರು ಹಾಕಿ ನೋಡಿದ್ವಿ. ನಮ್ಮದು ಬರಲೇ ಇಲ್ಲ. ಎರಡನೇ ಪುಟ, ಮೂರನೇ ಪುಟ, ಎಲ್ಲೂ ಇಲ್ಲ. "ಅಲ್ಲೋ, ಇಷ್ಟು ಬರ್ದೀನಿ, ಒಂದರೆ ಕಾಣಬೇಕಲ್ಲ?" ಅಂದ.

ತಪ್ಪು ನಮ್ಮದೇ ಇತ್ತು, ಗೊತ್ತಾಗಿದ್ದು ಆಮೇಲೆ. ಅವನು ಟೈಪ್ ಮಾಡ್ತಿದ್ದದ್ದು ಹಳೇ ನುಡಿ ಫಾಂಟಿನಲ್ಲಿ. ಅದರಲ್ಲಿ ನೀವು 'ಕ' ಒತ್ತಿದರೆ ಪರದೆ ಮೇಲೆ 'ಕ' ಕಾಣುತ್ತೆ, ಆದರೆ ಫೈಲಿನ ಒಳಗೆ ಕೂರೋದು ಇಂಗ್ಲಿಷಿನ 'ಪಿ', ಅದರ ಪಕ್ಕ ತಲೆ ಮೇಲೆ ಗೀಟು ಹೊತ್ತ 'ಎ'. ಫಾಂಟ್ ಅನ್ನೋದು ವೇಷ. ವೇಷ ನೋಡಿದ ನಮಗೆ ಅದು ಕನ್ನಡ. ಸರ್ಚ್ ಎಂಜಿನ್ ವೇಷ ನೋಡಲ್ಲ, ಒಳಗಿನ ಸಂಕೇತ ಓದುತ್ತೆ. ಅದರ ಕಣ್ಣಿಗೆ ನಾವು ಬರೆದ ಜಾತ್ರೆ ವರದಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ಈ ತೊಂದರೆ ನಮ್ಮಿಬ್ಬರದಷ್ಟೇ ಅಲ್ಲ. ಯು. ಬಿ. ಪವನಜ ಅವರು 'ವಿಶ್ವಕನ್ನಡ' ಅನ್ನೋ ಮೊದಲ ಕನ್ನಡ ಅಂತರಜಾಲ ಪತ್ರಿಕೆ ಶುರು ಮಾಡಿದ್ದು 1996ರಲ್ಲಿ. 'ಬರಹ' ತಂತ್ರಾಂಶ 1998ರಲ್ಲಿ ಬಂತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು ಖರೆ, ಆದರೆ ವಿಂಡೋಸ್‌ನಲ್ಲಿ ಅದು ಬಂದದ್ದು 2001ರ ಎಕ್ಸ್‌ಪಿ ಜೊತೆಗೆ. ಅಲ್ಲಿವರೆಗೂ, ಅದಾದ ಎಷ್ಟೋ ವರ್ಷದವರೆಗೂ ದೊಡ್ಡ ಪತ್ರಿಕೆಗಳ ತಾಣಗಳೂ ತಮ್ಮತಮ್ಮ ಫಾಂಟ್ ಹಿಡಿದುಕೊಂಡೇ ಇದ್ದವು. ಅಂದ್ರೆ ಕನ್ನಡ ಜಾಲದ ಮೊದಲ ಹತ್ತು ವರ್ಷದ ಬರಹ ಕಣ್ಣಿಗೆ ಇತ್ತು, ಹುಡುಕಿದರೆ ಇರಲಿಲ್ಲ. ಬೇರೆ ಭಾಷೆಯ ಸೈಟಿನೋರು "ನಮ್ಮ ಸ್ಥಾನ ಕೆಳಗಿಳೀತು" ಅಂತ ಅಳ್ತಿದ್ದ ಕಾಲಕ್ಕೆ ನಮಗೆ ಇಳಿಯೋಕೆ ಸ್ಥಾನವೇ ಇರಲಿಲ್ಲ!

ಈಗ ಸ್ಥಾನದ ಲೆಕ್ಕಕ್ಕೆ ಬರೋಣ. 1998ರಲ್ಲಿ ಲ್ಯಾರಿ ಪೇಜ್, ಸರ್ಗೇ ಬ್ರಿನ್ ಅನ್ನೋ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ಗೂಗಲ್ ಕಂಪನಿ ಕಟ್ಟಿದಾಗ ಅವರ ಯೋಚನೆ ಸರಳ. ಒಂದು ಪುಟಕ್ಕೆ ಬೇರೆ ಪುಟಗಳು ಲಿಂಕ್ ಕೊಟ್ಟರೆ ಅದು ಓಟು ಇದ್ದಂಗ. ದೊಡ್ಡೋರು ಕೊಟ್ಟ ಓಟಿಗೆ ತೂಕ ಜಾಸ್ತಿ. ಓಟಿನ ಲೆಕ್ಕ ಅಂದ ಮೇಲೆ ಕಳ್ಳ ಓಟು ಬರದೇ ಇರುತ್ತಾ? ಲಿಂಕ್ ಮಾರೋ ಅಂಗಡಿಗಳೇ ಎದ್ದವು. ಕಳಪೆ ಬರಹದ ತಾಣಗಳನ್ನ ಇಳಿಸೋಕೆ 2011ರಲ್ಲಿ ಪಾಂಡಾ, ಕಳ್ಳ ಲಿಂಕ್ ತಡೆಯೋಕೆ 2012ರಲ್ಲಿ ಪೆಂಗ್ವಿನ್ ಅಂತ ಮುದ್ದಾದ ಹೆಸರಿಟ್ಟು ನಿಯಮ ಬದಲಿಸಿದರು. ಕಳ್ಳರೂ ಬಿದ್ದರು, ಜೊತೆಗೆ ತಾವು ಮಾಡಿದ ತಪ್ಪೇನು ಅಂತ ಗೊತ್ತಾಗದ ಕೆಲವರೂ ಬಿದ್ದರು.

ನಮ್ಮ ಜಿಲ್ಲೆಯೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಭಾಲ್ಕಿಗೆ ರೈಲು ಅದ, ಔರಾದಕ್ಕೆ ಇಲ್ಲ. ಹಳಿ ಎಲ್ಲಿ ಹಾಯಬೇಕು ಅಂತ ನಕ್ಷೆಯಲ್ಲಿ ಗೆರೆ ಎಳೆದೋರಿಗೆ ಔರಾದದ ಅಂಗಡಿಯೋನ ಪರಿಚಯ ಇರಲಿಲ್ಲ. ವ್ಯತ್ಯಾಸ ಏನಂದ್ರೆ, ರೈಲಿನ ಹಳಿ ಒಮ್ಮೆ ಹಾಕಿದರೆ ಅಲ್ಲೇ ಇರುತ್ತೆ. ಸರ್ಚ್‌ನ ಹಳಿ ವರ್ಷಕ್ಕೆ ಎಷ್ಟೋ ಸಲ ಜಾಗ ಬದಲಿಸುತ್ತೆ, ರಾತ್ರೋರಾತ್ರಿ.

ಬಿದ್ದೋರು ಕೇಳೋದು ಯಾರನ್ನ? ಇಂಗ್ಲೆಂಡಿನ ಒಂದು ಜೋಡಿಯ ಕಥೆ ಹೇಳ್ತೀನಿ, ಆಡಂ ಮತ್ತು ಶಿವಾನ್ ರಾಫ್. ಗಂಡ ಹೆಂಡತಿ ಸೇರಿ 2006ರ ಜೂನ್‌ನಲ್ಲಿ 'ಫೌಂಡೆಮ್' ಅನ್ನೋ ಬೆಲೆ ಹೋಲಿಸೋ ತಾಣ ತೆರೆದರು. ಕೆಲವೇ ದಿನಕ್ಕೆ ಗೂಗಲ್‌ನಲ್ಲಿ ಅದು ತಳ ಸೇರಿತು. ಬೇರೆ ಸರ್ಚ್ ಎಂಜಿನ್‌ಗಳಲ್ಲಿ ಮೇಲೇ ಇತ್ತು. ವರ್ಷಗಟ್ಟಲೆ ಕೇಳಿ ಕೇಳಿ ಸಾಕಾಗಿ 2009ರಲ್ಲಿ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟರು. 2017ರಲ್ಲಿ ಕಮಿಷನ್ 242 ಕೋಟಿ ಯೂರೋ ದಂಡ ಹಾಕಿತು, ಗೂಗಲ್ ತನ್ನದೇ ಶಾಪಿಂಗ್ ಸೇವೆಯನ್ನ ಮೇಲೆ ತೋರಿಸಿಕೊಂಡಿದೆ ಅಂತ. ಆ ದಂಡವನ್ನ ಯುರೋಪಿನ ಅತ್ಯುನ್ನತ ನ್ಯಾಯಾಲಯ ಎತ್ತಿಹಿಡಿದದ್ದು 2024ರ ಸೆಪ್ಟೆಂಬರ್‌ನಲ್ಲಿ. ಹದಿನೆಂಟು ವರ್ಷ! ಅಷ್ಟರಲ್ಲಿ ಫೌಂಡೆಮ್ ಬಾಗಿಲು ಹಾಕಿ ಆಗಿತ್ತು. ನಮ್ಮ ದೇಶದಲ್ಲೂ ಭಾರತ್ ಮ್ಯಾಟ್ರಿಮೋನಿ ನಡೆಸೋ ಕಂಪನಿ ಮತ್ತು ಒಂದು ಗ್ರಾಹಕ ಸಂಸ್ಥೆ ಕೊಟ್ಟ ದೂರಿನ ಮೇಲೆ ಸ್ಪರ್ಧಾ ಆಯೋಗ 2018ರ ಫೆಬ್ರವರಿಯಲ್ಲಿ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ಹಾಕಿತು. ದೂರು ಕೊಟ್ಟದ್ದು 2012ರಲ್ಲಿ.

ಕನ್ನಡದ ಮಟ್ಟಿಗೆ ದೊಡ್ಡ ತಿರುವು ಫೋನಿನಿಂದ ಬಂತು. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡೋಕೆ ಶುರುವಾಯ್ತು. ಅದಕ್ಕೂ ಮೊದಲು ಡಬ್ಬಿ ಡಬ್ಬಿ ಕಾಣ್ತಿತ್ತಲ್ಲ, ನಿಮ್ಮ ಅಣ್ಣ-ಅಕ್ಕಂದಿರನ್ನ ಕೇಳಿ ನೋಡ್ರಿ. 2015ರ ಏಪ್ರಿಲ್ 21ರಿಂದ ಫೋನಿನ ಪರದೆಗೆ ಹೊಂದದ ಪುಟಗಳನ್ನ ಮೊಬೈಲ್ ಹುಡುಕಾಟದಲ್ಲಿ ಗೂಗಲ್ ಕೆಳಗೆ ತಳ್ಳಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಜಿಯೋ. ಓದುಗ ಬಂದ, ಆದರೆ ಹಳೇ ಕಾಲದ ಅಗಲ ಪುಟ ಇಟ್ಟುಕೊಂಡೋರ ಬಾಗಿಲಿಗೆ ಅಲ್ಲ. ದುಡ್ಡಿನ ಮಾತು ಇನ್ನೂ ಬೇಸರದ್ದು. ಗೂಗಲ್‌ನ ಆಡ್‌ಸೆನ್ಸ್ ಜಾಹೀರಾತು ಹಿಂದಿ ತಾಣಗಳಿಗೆ 2014ರ ಕೊನೆಗೆ ಸಿಕ್ಕಿತು, ಕನ್ನಡದ ಸರದಿ ಬರೋಕೆ ಮತ್ತೂ ಕೆಲವು ವರ್ಷ ಹಿಡೀತು. ಮೊದಲ ಸ್ಥಾನ ಸಿಕ್ಕರೂ ಅಂಗಡಿ ಬಾಡಿಗೆ ಹುಟ್ಟೋದು ಕಷ್ಟ.

2021ರ ಜೂನ್ 3 ನಿಮಗೆ ನೆನಪಿರಬಹುದು. ಭಾರತದ ಅತಿ ಕುರೂಪಿ ಭಾಷೆ ಯಾವುದು ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ಮೇಲ್ಗಡೆ ಚೌಕದಲ್ಲಿ "ಕನ್ನಡ" ಅಂತ ತೋರಿಸ್ತು. ರಾಜ್ಯವೇ ಸಿಟ್ಟಿಗೆದ್ದಿತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಮಾತಾಡಿದರು. ಗೂಗಲ್ ಆ ಉತ್ತರ ತೆಗೆದು ಕ್ಷಮೆ ಕೇಳಿತು. ಆ ಉತ್ತರ ಬಂದದ್ದು ಎಲ್ಲಿಂದ ಗೊತ್ತಾ? ಸಾಲ ತೀರಿಸೋ ಬಗ್ಗೆ ಸಲಹೆ ಕೊಡೋ ಯಾವುದೋ ತಾಣದ ಪುಟದಿಂದ. ಯಾರೂ ಕೇಳದ ಪ್ರಶ್ನೆಗೆ ಯಾರೋ ಬರೆದಿಟ್ಟ ಒಂದು ಸಾಲು, ಪೈಪೋಟಿಗೆ ಇನ್ನೊಂದು ಪುಟ ಇಲ್ಲದ್ದಕ್ಕೆ ಮೊದಲ ಸ್ಥಾನ.

ಅವತ್ತು ನನಗೂ ಸಿಟ್ಟು ಬಂದಿತ್ತು, ಆದರೆ ತಲೆಯಲ್ಲಿ ಉಳಿದದ್ದು ಬೇರೆ. ಕೋಟಿ ಜನ ಕೂಗಿದ್ದಕ್ಕೆ ಒಂದೇ ದಿನದಲ್ಲಿ ಸ್ಥಾನ ಬದಲಾಯ್ತು. ರಾಫ್ ದಂಪತಿ ಇಬ್ಬರೇ ಇದ್ದರು, ಹದಿನೆಂಟು ವರ್ಷ ಹಿಡೀತು. ನನ್ನ ಗೆಳೆಯ ಒಬ್ಬನೇ ಇದ್ದ.

2024ರ ಆಗಸ್ಟ್‌ನಲ್ಲಿ ಇನ್ನೊಂದು ಬದಲಾವಣೆ ನಮ್ಮ ದೇಶಕ್ಕೆ ಬಂತು. ಈಗ ಹುಡುಕಿದರೆ ಎಐ ತಾನೇ ನಾಲ್ಕು ಸಾಲು ಉತ್ತರ ಬರೆದು ಮೇಲೆ ಇಡುತ್ತೆ. ಶುರುವಾಗಿದ್ದು ಇಂಗ್ಲಿಷ್, ಹಿಂದಿಯಲ್ಲಿ. ಓದಿದೋರು ಅಲ್ಲೇ ತೃಪ್ತರಾಗಿ ವಾಪಸ್ ಹೋದರೆ ಕೆಳಗಿನ ಸೈಟಿಗೆ ಯಾರು ಬರ್ತಾರೆ? ಮತ್ತೆ ಆ ಯಂತ್ರಕ್ಕೂ ನಾಲ್ಕು ಸಾಲು ಬರೆಯೋಕೆ ಯಾರೋ ಮೊದಲು ಬರೆದಿರಬೇಕಲ್ಲ. ಔರಾದ ಅಂತ ಕೇಳೋದೇ ತಕರಾರಿನ ಕೆಲಸ. ಲಾತೂರ್ ಜಿಲ್ಲೆಯಲ್ಲಿ ಔರಾದ ಶಹಾಜನಿ ಅದ. 'ಔರಾದ', 'ಔರಾದ್', 'ಅವರಾದ', ಮೂರೂ ರೀತಿ ಬರೀತಾರೆ. ಯಾವ ಊರು ಯಾವುದು ಅಂತ ಬಿಡಿಸಿ ಹೇಳೋಕೆ ಇಲ್ಲಿನವರ ಬರಹವೇ ಬೇಕು.

ಗೆಳೆಯ ಆ ಸೈಟ್ ಬಿಟ್ಟು ಬಹಳ ದಿನ ಆಯ್ತು, ಈಗ ಹೈದರಾಬಾದ್‌ನಲ್ಲಿ ಅದಾನ. ಹೋದ ದೀಪಾವಳಿಗೆ ಬಂದಾಗ ಒಂದು ಹಳೇ ಸಿಡಿ ನನ್ನ ಕೈಗಿಟ್ಟ. ಎಲ್ಲಾ ನುಡಿ ಫೈಲು. ದಿನಕ್ಕೊಂದರಂತೆ ಯೂನಿಕೋಡ್‌ಗೆ ಬದಲಿಸ್ತಾ ಇದ್ದೀನಿ. ಪರಿವರ್ತಕದಲ್ಲಿ ಹಾಕಿದರೆ ಅರ್ಕಾವತ್ತು ಒಂದೊಂದು ಕಡೆ ಜಾಗ ತಪ್ಪಿ ಕೂರ್ತಾವ, ಕೈಯಲ್ಲೇ ತಿದ್ದಬೇಕು. ಜಾತ್ರೆಯ ದನದ ಸಂತೆ ಬಗ್ಗೆ ಬರೆದದ್ದು ಮೊನ್ನೆ ಮುಗೀತು, ಬಸ್ಸಿನ ಸುದ್ದಿ ಇನ್ನೂ ಬಾಕಿ ಅದ.