ಪದವಿ ವಿಜ್ಞಾನ: ಬಿಡಿಸಿದ ಲೆಕ್ಕಗಳಿಂದ ಕಲಿಯುವ ವಿಧಾನ

ವಿಶ್ವವಿದ್ಯಾನಿಲಯ ಮಟ್ಟದ ಸಂಖ್ಯಾಶಾಸ್ತ್ರ, ರಸಾಯನಶಾಸ್ತ್ರ ಹಾಗೂ ಕೆಮಿಕಲ್ ಎಂಜಿನಿಯರಿಂಗ್ ಪಠ್ಯಗಳಲ್ಲಿ ಸಿದ್ಧಾಂತದ ಬೆನ್ನಿಗೇ ಬರುವುದು ಬಿಡಿಸಿದ ಲೆಕ್ಕ. ಪ್ರಶ್ನೆ, ತಕ್ಕ ಸೂತ್ರ, ಹಂತ ಹಂತದ ಗಣನೆ, ಕೊನೆಯಲ್ಲಿ ಉತ್ತರ. ಇಷ್ಟು ಅದರ ಸ್ವರೂಪ. ಪಠ್ಯಪುಸ್ತಕದ ಉದಾಹರಣೆ, ಪೇಟೆಯಲ್ಲಿ ಸಿಗುವ ಗೈಡ್, ಹಿರಿಯ ವಿದ್ಯಾರ್ಥಿಯ ನೋಟ್ಸ್‌ನ ಝೆರಾಕ್ಸ್ ಪ್ರತಿ, ಹಳೆಯ ಪ್ರಶ್ನೆಪತ್ರಿಕೆಗಳ ಮಾದರಿ ಉತ್ತರ, ಈಚೆಗೆ ಮೊಬೈಲ್ ಪರದೆಯ ಮೇಲೆ ಕ್ಷಣದಲ್ಲಿ ಮೂಡುವ ಪರಿಹಾರ ಎಲ್ಲವೂ ಈ ಒಂದೇ ವರ್ಗಕ್ಕೆ ಸೇರಿದವು. ಇವುಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಗೆ ಹೋಗುವವರೂ ಇದ್ದಾರೆ, ಇವುಗಳಿಂದಲೇ ವಿಷಯವನ್ನು ಕರಗತ ಮಾಡಿಕೊಂಡವರೂ ಇದ್ದಾರೆ. ಓದುವ ಕ್ರಮದಲ್ಲಿ ಏನು ವ್ಯತ್ಯಾಸವಿದೆ ಎಂಬುದು ಇಲ್ಲಿನ ವಿಷಯ.

ಮೂರು ತಾಲೂಕುಗಳ ಸ್ಥಿತಿ

ಉಡುಪಿಯಿಂದ ಉತ್ತರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಗಿದರೆ ಮೊದಲು ಬ್ರಹ್ಮಾವರ, ಬಳಿಕ ಕುಂದಾಪುರ, ಕೊನೆಗೆ ಬೈಂದೂರು ಸಿಗುತ್ತವೆ. ಕುಂದಾಪುರದಲ್ಲಿ 1963ರಲ್ಲಿ ಆರಂಭವಾದ ಭಂಡಾರ್ಕಾರ್ಸ್ ಕಲಾ ಮತ್ತು ವಿಜ್ಞಾನ ಕಾಲೇಜು, ಬ್ರಹ್ಮಾವರದಲ್ಲಿ ಕ್ರಾಸ್‌ಲ್ಯಾಂಡ್ ಕಾಲೇಜು, ಬೈಂದೂರಿನಲ್ಲಿ ಸರಕಾರಿ ಪ್ರಥಮ ದರ್ಜೆ ಕಾಲೇಜು ಈ ಭಾಗದ ಪದವಿ ಶಿಕ್ಷಣದ ಪರಿಚಿತ ಹೆಸರುಗಳು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೆ ಕರಾವಳಿಯ ಪದವಿ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯದ ಪಠ್ಯಕ್ರಮವನ್ನು ಅನುಸರಿಸುತ್ತಿದ್ದವು. ಕೆಮಿಕಲ್ ಎಂಜಿನಿಯರಿಂಗ್ ಬಯಸುವವರು ದಕ್ಷಿಣಕ್ಕೆ ಹೋಗಬೇಕು: 1957ರಲ್ಲಿ ಆರಂಭವಾದ ಮಣಿಪಾಲದ ಎಂಐಟಿಗೆ, ಇಲ್ಲವೇ 1960ರಲ್ಲಿ ಕೆಆರ್‌ಇಸಿ ಎಂಬ ಹೆಸರಿನಲ್ಲಿ ಹುಟ್ಟಿ 2002ರಲ್ಲಿ ಎನ್‌ಐಟಿಕೆ ಆದ ಸುರತ್ಕಲ್‌ನ ಸಂಸ್ಥೆಗೆ.

ಕೊಲ್ಲೂರು, ಶಿರೂರು, ಸಿದ್ದಾಪುರದಂಥ ಊರುಗಳಿಂದ ಬೆಳಗ್ಗೆ ಬಸ್ಸು ಹತ್ತಿ ಸಂಜೆ ಮನೆ ಸೇರುವ ವಿದ್ಯಾರ್ಥಿಗೆ ರಾತ್ರಿ ಒಂದು ಹಂತ ಅರ್ಥವಾಗದಿದ್ದರೆ ಕೇಳಲು ಯಾರೂ ಇರುವುದಿಲ್ಲ. ಮನೆಯಲ್ಲಿ ಪದವಿ ಓದುತ್ತಿರುವ ಮೊದಲಿಗನಾದರೆ ಮಾತೇ ಬೇಡ. ಆಗ ಬಿಡಿಸಿದ ಲೆಕ್ಕವೇ ಮೇಷ್ಟ್ರು. ಆ ಮೇಷ್ಟ್ರು ತಾನಾಗಿ ಪ್ರಶ್ನೆ ಕೇಳುವುದಿಲ್ಲ, ವಿದ್ಯಾರ್ಥಿ ತಪ್ಪಿದಾಗ ತಡೆಯುವುದೂ ಇಲ್ಲ. ತೊಡಕು ಇರುವುದೇ ಇಲ್ಲಿ.

ಸಂಶೋಧನೆ ಹೇಳುವುದೇನು?

ಬಿಡಿಸಿದ ಲೆಕ್ಕ ನೋಡುವುದು ಸೋಮಾರಿತನ, ಸ್ವತಃ ಹೆಣಗಿದರೆ ಮಾತ್ರ ವಿದ್ಯೆ ಹತ್ತುತ್ತದೆ ಎಂಬ ಮಾತು ಉಪನ್ಯಾಸಕರ ಕೋಣೆಗಳಲ್ಲಿ ಹಳೆಯದು. ಆರಂಭಿಕರ ಮಟ್ಟಿಗೆ ಇದು ಪೂರ್ತಿ ನಿಜವಲ್ಲ. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಪ್ರಕಟಿಸಿದ ಬೀಜಗಣಿತದ ಪ್ರಯೋಗಗಳಲ್ಲಿ, ಬರೀ ಪ್ರಶ್ನೆಗಳನ್ನು ಬಿಡಿಸಿದವರಿಗಿಂತ ಬಿಡಿಸಿದ ಉದಾಹರಣೆಗಳನ್ನು ಅಧ್ಯಯನ ಮಾಡಿದವರು ಅದೇ ಬಗೆಯ ಹೊಸ ಲೆಕ್ಕಗಳನ್ನು ಬೇಗ ಮತ್ತು ಕಡಿಮೆ ತಪ್ಪುಗಳೊಂದಿಗೆ ಮಾಡಿದರು. ಮನುಷ್ಯನ ಮನಸ್ಸು ಒಂದೇ ಕ್ಷಣದಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಕೆಲವೇ ಕೆಲವು. ದಾರಿ ಹುಡುಕುವುದರಲ್ಲೇ ಆ ಶಕ್ತಿ ಮುಗಿದುಹೋದರೆ ದಾರಿಯ ಸ್ವರೂಪವನ್ನು ಗಮನಿಸಲು ಏನೂ ಉಳಿಯುವುದಿಲ್ಲ ಎಂಬುದು ಅವರ ವಿವರಣೆ.

ಆದರೆ ನೋಡಿದ ಮಾತ್ರಕ್ಕೆ ಫಲವಿಲ್ಲ. ಅಮೆರಿಕದ ಮಿಷೆಲೀನ್ ಚಿ ಮತ್ತು ಸಂಗಡಿಗರು 1989ರಲ್ಲಿ ಭೌತಶಾಸ್ತ್ರದ ಉದಾಹರಣೆಗಳನ್ನು ಓದುವವರನ್ನು ಗಮನಿಸಿದಾಗ, ಮುಂದೆ ಚೆನ್ನಾಗಿ ಲೆಕ್ಕ ಬಿಡಿಸಿದವರು ಓದುವಾಗಲೇ ಪ್ರತಿ ಹಂತಕ್ಕೂ ತಮಗೆ ತಾವೇ ಕಾರಣ ಹೇಳಿಕೊಳ್ಳುತ್ತಿದ್ದುದು ಕಂಡುಬಂತು. ದುರ್ಬಲರು ಹಾಗೆ ಹೇಳಿಕೊಂಡದ್ದು ಕಡಿಮೆ. ಹೊಸ ಪ್ರಶ್ನೆ ಎದುರಾದಾಗ ಅವರು ಉದಾಹರಣೆಯನ್ನು ಮೊದಲಿನಿಂದ ಮತ್ತೆ ಓದತೊಡಗಿದರು. ರಾತ್ರಿಯಿಡೀ ಆಟ ನೋಡಿದವನ ಕಾಲಿಗೆ ಯಕ್ಷಗಾನದ ಹೆಜ್ಜೆ ಬರುವುದಿಲ್ಲ ಎಂಬುದು ಬಡಗುತಿಟ್ಟಿನ ಈ ನಾಡಿಗೆ ಹೊಸತಾಗಿ ಹೇಳಬೇಕಾದ ಸಂಗತಿಯಲ್ಲ.

ಸಂಖ್ಯಾಶಾಸ್ತ್ರ: ಒಂದೇ ಪ್ರಶ್ನೆ, ಎರಡು ಉತ್ತರ

ಮೂರು ವಿಷಯಗಳಲ್ಲಿ ಕುರುಡು ನಕಲಿಗೆ ಅತಿ ಹೆಚ್ಚು ಬೆಲೆ ತೆರಬೇಕಾದುದು ಸಂಖ್ಯಾಶಾಸ್ತ್ರದಲ್ಲಿ. ಈ ಭಾಗಕ್ಕೆ ಪರಿಚಿತವಾದ ಗೇರುಬೀಜದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ತಿರುಳಿನ ಪ್ಯಾಕೆಟ್ ಮೇಲೆ 500 ಗ್ರಾಂ ಎಂದು ಮುದ್ರಿಸಲಾಗಿದೆ. 10 ಪ್ಯಾಕೆಟ್‌ಗಳನ್ನು ತೂಗಿದಾಗ ಸರಾಸರಿ 497 ಗ್ರಾಂ, ಮಾನಕ ವಿಚಲನೆ 4 ಗ್ರಾಂ ಬಂತು. ನಿಜವಾದ ಸರಾಸರಿ 500 ಎಂದು ಒಪ್ಪಬಹುದೇ?

ಒಂದು ಗೈಡ್ 3 ಗ್ರಾಂ ವ್ಯತ್ಯಾಸವನ್ನು 4 ÷ √10ರಿಂದ ಭಾಗಿಸಿ 2.37 ಎಂಬ ಟಿ-ಮೌಲ್ಯ ಕೊಡುತ್ತದೆ. ಇನ್ನೊಂದು 4 ÷ √9ರಿಂದ ಭಾಗಿಸಿ 2.25 ಎನ್ನುತ್ತದೆ. ಸ್ವಾತಂತ್ರ್ಯ ಮಾನ 9 ಇರುವಾಗ ಶೇ. 5ರ ಮಟ್ಟದಲ್ಲಿ ಕೋಷ್ಟಕದ ಎರಡು ಬದಿಯ ಮೌಲ್ಯ 2.262. ಮೊದಲ ಗೈಡಿನ ಪ್ರಕಾರ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸಬೇಕು, ಎರಡನೆಯದರ ಪ್ರಕಾರ ತಿರಸ್ಕರಿಸುವಂತಿಲ್ಲ. ಮುದ್ರಣದೋಷ ಎಲ್ಲಿಯೂ ಇಲ್ಲ. ವಿಚಲನೆಯ ವರ್ಗಗಳ ಮೊತ್ತವನ್ನು 9ರಿಂದ ಭಾಗಿಸಿ 4 ಗ್ರಾಂ ಪಡೆದಿದ್ದರೆ √10 ಸರಿ. 10ರಿಂದ ಭಾಗಿಸಿ ಪಡೆದಿದ್ದರೆ √9 ಸರಿ. ಎಸ್.ಸಿ. ಗುಪ್ತಾ ಮತ್ತು ವಿ.ಕೆ. ಕಪೂರ್ ಅವರ ಪ್ರಸಿದ್ಧ ಗ್ರಂಥ ಸೇರಿದಂತೆ ಭಾರತೀಯ ಪಠ್ಯಗಳಲ್ಲಿ ಎರಡೂ ರೂಪಗಳು ಬಳಕೆಯಲ್ಲಿವೆ. ಸೂತ್ರವನ್ನಷ್ಟೇ ಕಂಠಪಾಠ ಮಾಡಿದವನಿಗೆ ಯಾವುದನ್ನು ಎಲ್ಲಿ ಹಾಕಬೇಕೆಂಬುದು ತಿಳಿಯುವುದಿಲ್ಲ. 9 ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಒಮ್ಮೆ ಕೇಳಿಕೊಂಡವನಿಗೆ ಗೊಂದಲವೇ ಇಲ್ಲ.

ಪ್ರಶ್ನೆಯ ಒಂದು ಪದವನ್ನು ಬದಲಿಸಿ ನೋಡುವುದೂ ಲಾಭಕರ. "ತೂಕ 500ಕ್ಕಿಂತ ಬೇರೆಯೇ?" ಎಂಬುದರ ಬದಲು "ತೂಕ 500ಕ್ಕಿಂತ ಕಡಿಮೆಯೇ?" ಎಂದು ಕೇಳಿದರೆ ಪರೀಕ್ಷೆ ಒಂದು ಬದಿಯದಾಗುತ್ತದೆ, ಕೋಷ್ಟಕದ ಮೌಲ್ಯ 1.833ಕ್ಕೆ ಇಳಿಯುತ್ತದೆ. ಆಗ 2.37, 2.25 ಎರಡೂ ಅದನ್ನು ಮೀರುತ್ತವೆ. ಲೆಕ್ಕದ ಒಂದು ಅಂಕಿಯೂ ಬದಲಾಗದೆ ತೀರ್ಪು ಬದಲಾಯಿತು. (ಈ ಪಠ್ಯಗಳಲ್ಲಿ ಕ್ರಾಮೆರ್-ರಾವ್, ರಾವ್-ಬ್ಲ್ಯಾಕ್‌ವೆಲ್ ಎಂದು ಪದೇ ಪದೇ ಎದುರಾಗುವ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ಇಂದು ಕರ್ನಾಟಕದಲ್ಲಿರುವ ಹೂವಿನ ಹಡಗಲಿಯಲ್ಲಿ. ಅವರು 2023ರಲ್ಲಿ ನಿಧನರಾದರು.)

ರಸಾಯನಶಾಸ್ತ್ರ: 'ನಗಣ್ಯ' ಎಂಬ ಪದ

ರಸಾಯನಶಾಸ್ತ್ರದ ಬಿಡಿಸಿದ ಲೆಕ್ಕಗಳಲ್ಲಿ ಕಣ್ಣುತಪ್ಪಿಸಿ ಹೋಗುವ ಹಂತವೆಂದರೆ "ಇದು ಅತ್ಯಲ್ಪವಾದುದರಿಂದ ನಿರ್ಲಕ್ಷಿಸಬಹುದು" ಎಂಬುದು. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದ ವಿಯೋಜನ ಸ್ಥಿರಾಂಕ ಸುಮಾರು 1.8×10⁻⁵. ದ್ರಾವಣ 0.1 ಮೋಲಾರ್ ಇದ್ದಾಗ ವಿಯೋಜನೆಗೊಂಡ ಭಾಗ ಶೇ. 1.3ರಷ್ಟು ಮಾತ್ರ. ಉಳಿದ ಆಮ್ಲ 0.1 ಎಂದೇ ಹಿಡಿದು ವರ್ಗಮೂಲ ತೆಗೆದರೆ ಸಾಕು, ಪಿಎಚ್ 2.87 ಬರುತ್ತದೆ.

ಅದೇ ಸೂತ್ರವನ್ನು 0.0001 ಮೋಲಾರ್ ದ್ರಾವಣಕ್ಕೆ ಹಾಕಿದರೆ ಪಿಎಚ್ 4.37 ಎಂದಾಗುತ್ತದೆ. ಆದರೆ ಇಲ್ಲಿ ನಿರ್ಲಕ್ಷಿಸಿದ ಭಾಗ ಶೇ. 42. ವರ್ಗಸಮೀಕರಣವನ್ನು ಪೂರ್ತಿಯಾಗಿ ಬಿಡಿಸಿದಾಗ ಬರುವ ಉತ್ತರ 4.46. ಉತ್ತರ ಬಂದ ಮೇಲೆ ನಿರ್ಲಕ್ಷಿಸಿದ್ದು ನಿಜವಾಗಿಯೂ ಸಣ್ಣದೇ ಎಂದು ಹಿಂದಿರುಗಿ ನೋಡುವ ಒಂದು ಸಾಲನ್ನು ಅನೇಕ ಗೈಡ್‌ಗಳು ಸ್ಥಳ ಉಳಿಸಲು ಬಿಟ್ಟುಬಿಡುತ್ತವೆ. ಶೇ. 5ಕ್ಕಿಂತ ಕಡಿಮೆಯಿದ್ದರೆ ಮಾತ್ರ ಬಿಡಬಹುದು ಎಂಬುದು ಪ್ರಯೋಗಾಲಯಗಳಲ್ಲೂ ಪಠ್ಯಗಳಲ್ಲೂ ರೂಢಿಯಲ್ಲಿರುವ ಅಳತೆ. ಗೈಡಿನ ಅಂಚಿನಲ್ಲಿ ಈ ಸಾಲನ್ನು ವಿದ್ಯಾರ್ಥಿಯೇ ಬರೆದುಕೊಳ್ಳುವುದು ಒಳ್ಳೆಯದು.

ಕೆಮಿಕಲ್ ಎಂಜಿನಿಯರಿಂಗ್: ಆಧಾರ ಯಾವುದು?

ಈ ಶಾಖೆಯ ಮೊದಲ ವರ್ಷದ ಲೆಕ್ಕಗಳೆಲ್ಲ ಒಳಬಂದದ್ದು, ಹೊರಹೋದದ್ದು ಇವುಗಳ ಜಮಾಖರ್ಚು. ಬ್ರಹ್ಮಾವರದಲ್ಲಿ ಹಿಂದೆ ನಡೆಯುತ್ತಿದ್ದ ಸಹಕಾರಿ ಸಕ್ಕರೆ ಕಾರ್ಖಾನೆಯಂಥದ್ದನ್ನು ಊಹಿಸಿಕೊಳ್ಳಬಹುದು. ಶೇ. 15 ಸಕ್ಕರೆಯಿರುವ 1,000 ಕಿಲೋ ಕಬ್ಬಿನ ರಸವನ್ನು ಶೇ. 60ರ ಪಾಕವಾಗಿಸಬೇಕು; ಎಷ್ಟು ನೀರು ಆವಿಯಾಗಬೇಕು? ಸಕ್ಕರೆ 150 ಕಿಲೋ, ಅದು ಎಲ್ಲಿಗೂ ಹೋಗುವುದಿಲ್ಲ. ಆದ್ದರಿಂದ ಪಾಕ 250 ಕಿಲೋ, ಆವಿ 750 ಕಿಲೋ.

ಗೈಡ್ ಇಲ್ಲಿಗೆ ನಿಲ್ಲುತ್ತದೆ. ಕಲಿಯುವವನು ಇಲ್ಲಿಂದ ಮುಂದೆ ಹೋಗಬೇಕು. ರಸದಲ್ಲಿ ಸಕ್ಕರೆ ಶೇ. 12ಕ್ಕೆ ಇಳಿದರೆ ಪಾಕ 200 ಕಿಲೋ, ಆವಿ 800 ಕಿಲೋ. ಆವಿ 50 ಕಿಲೋ ಮಾತ್ರ ಹೆಚ್ಚಿತು ಎಂದು ತೋರುತ್ತದೆ. ಆದರೆ ಒಂದು ಕಿಲೋ ಸಕ್ಕರೆಗೆ ಲೆಕ್ಕ ಹಾಕಿದರೆ ಮೊದಲು 5 ಕಿಲೋ ನೀರು ಹೋಗಬೇಕಿತ್ತು, ಈಗ ಸುಮಾರು 6.7 ಕಿಲೋ. ಕಬ್ಬಿನ ಗುಣಮಟ್ಟ ಕುಸಿದರೆ ಕಾರ್ಖಾನೆಯ ಉರುವಲಿನ ಖರ್ಚು ಏಕೆ ಏರುತ್ತದೆ ಎಂಬುದಕ್ಕೆ ಇದು ಒಂದು ಉತ್ತರ. ಬದಲಾಗದ ಘಟಕವನ್ನು ಮೊದಲು ಗುರುತಿಸುವುದೇ ಇಂಥ ಲೆಕ್ಕಗಳ ಕೀಲಿ. ಫೆಲ್ಡರ್ ಮತ್ತು ರೂಸ್ಸೋ ಅವರ ಪಠ್ಯವಾಗಲಿ, ಭಟ್ ಮತ್ತು ವೋರಾ ಅವರ 'ಸ್ಟಾಯ್ಕಿಯೊಮೆಟ್ರಿ'ಯಾಗಲಿ ಆರಂಭದ ಅಧ್ಯಾಯಗಳಲ್ಲಿ ಕಲಿಸುವುದು ಇದನ್ನೇ.

ಭಾಷೆಯ ತೊಡಕು

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಗಣಿತಕ್ಕಿಂತ ಹೆಚ್ಚು ಕಾಡುವುದು ಲೆಕ್ಕದ ನಡುವಿನ ಸಣ್ಣ ಇಂಗ್ಲಿಷ್ ಪದಗಳು. 'ಅಟ್ ಲೀಸ್ಟ್' ಎಂದರೆ ಕನಿಷ್ಠ, 'ಅಟ್ ಮೋಸ್ಟ್' ಎಂದರೆ ಗರಿಷ್ಠ. ಎರಡನ್ನು ಅದಲು ಬದಲು ಮಾಡಿದರೆ ಸಂಭವನೀಯತೆಯ ಲೆಕ್ಕ ಬುಡಮೇಲು. 'ಡ್ರೈ ಬೇಸಿಸ್', 'ವೆಟ್ ಬೇಸಿಸ್' ಇನ್ನೂ ಕಠಿಣ. ಹಸಿ ತೆಂಗಿನ ತಿರುಳಿನ ಅರ್ಧ ತೂಕ ನೀರು ಎಂದಿಟ್ಟುಕೊಂಡರೆ ವೆಟ್ ಬೇಸಿಸ್‌ನಲ್ಲಿ ತೇವಾಂಶ ಶೇ. 50, ಡ್ರೈ ಬೇಸಿಸ್‌ನಲ್ಲಿ ಶೇ. 100. ಅಂಥ 100 ಕಿಲೋ ತಿರುಳನ್ನು ಶೇ. 6 ತೇವಾಂಶದ ಕೊಬ್ಬರಿಯಾಗಿ ಒಣಗಿಸಲು ತೆಗೆಯಬೇಕಾದ ನೀರು, 50ರಿಂದ 6 ಕಳೆದು ಬರುವ 44 ಕಿಲೋ ಅಲ್ಲ. ಒಣ ಭಾಗ 50 ಕಿಲೋ. ಅದು ಕೊಬ್ಬರಿಯ ಶೇ. 94 ಆಗಬೇಕಾದರೆ ಕೊಬ್ಬರಿಯ ತೂಕ 53.2 ಕಿಲೋ, ಹೋದ ನೀರು 46.8 ಕಿಲೋ. ಇಂಥ ಪದಗಳ ಅರ್ಥವನ್ನು ಕನ್ನಡದಲ್ಲಿ ಬರೆದ ಒಂದು ಚಿಕ್ಕ ಪುಸ್ತಕವನ್ನು ಮೊದಲ ಸೆಮಿಸ್ಟರ್‌ನಿಂದಲೇ ಇಟ್ಟುಕೊಳ್ಳುವುದು ದುಬಾರಿ ಟ್ಯೂಷನ್‌ಗಿಂತ ಉಪಯುಕ್ತ. ಪ್ರತಿ ಹಂತದ ಕಾರಣವನ್ನು ಕುಂದಗನ್ನಡದಲ್ಲೇ ಹೇಳಿಕೊಂಡರೂ ಅಡ್ಡಿಯಿಲ್ಲ, ಉತ್ತರಪತ್ರಿಕೆಗೆ ಹೋಗುವುದು ಇಂಗ್ಲಿಷ್ ಆದರೆ ಸಾಕು.

ಓದುವ ಕ್ರಮ

ಒಂದೇ ಬಗೆಯ ಎರಡು ಮೂರು ಬಿಡಿಸಿದ ಲೆಕ್ಕಗಳನ್ನು ಕಾರಣಸಮೇತ ಓದಿದ ಬಳಿಕ ನಾಲ್ಕನೆಯದರ ಕೊನೆಯ ಹಂತವನ್ನು ಕಾಗದದಿಂದ ಮುಚ್ಚಿ ತಾನೇ ಬರೆಯಬೇಕು. ಮುಂದಿನದರಲ್ಲಿ ಕೊನೆಯ ಎರಡು ಹಂತ, ಹೀಗೆ ಹಿಂದಕ್ಕೆ ಸರಿಯುತ್ತ ಕೊನೆಗೆ ಪ್ರಶ್ನೆ ಮಾತ್ರ ಉಳಿಯಬೇಕು. ಜರ್ಮನಿಯ ಅಲೆಕ್ಸಾಂಡರ್ ರೆಂಕ್ಲ್ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪರೀಕ್ಷಿಸಿದ ಕ್ರಮ ಇದೇ. ಕೈ ಪಳಗಿದ ಮೇಲೆ ಗೈಡನ್ನು ಬದಿಗಿಡಬೇಕು. ನುರಿತವರಿಗೆ ಬಿಡಿಸಿದ ಲೆಕ್ಕ ಸಹಾಯಕ್ಕಿಂತ ಅಡಚಣೆಯಾಗುತ್ತದೆ ಎಂಬುದನ್ನು ಸ್ಲಾವಾ ಕಲ್ಯುಗಾ ಮತ್ತು ಸ್ವೆಲ್ಲರ್ ಮೊದಲಾದವರು 2003ರಲ್ಲಿ ವಿವರಿಸಿದ್ದಾರೆ.

ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ತಿರುವಿ ಹಾಕಿದರೆ ಎಲ್ಲವೂ ಬರುತ್ತದೆ ಎಂಬ ಭಾವನೆ ಮೂಡುವುದು ಸಹಜ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಗದ್ಯಭಾಗಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಮತ್ತೆ ಮತ್ತೆ ಓದಿದವರು 5 ನಿಮಿಷದ ಬಳಿಕ ಮುಂದಿದ್ದರು. ಒಂದು ವಾರದ ಬಳಿಕ ಮುಂದಿದ್ದವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರು. ಲೆಕ್ಕಗಳಿಗೂ ಖಾಲಿ ಹಾಳೆಯೇ ನಂಬಲರ್ಹ ಪರೀಕ್ಷಕ.

ಮೊಬೈಲ್ ಉತ್ತರಗಳು

ಪ್ರಶ್ನೆಯ ಫೋಟೋ ತೆಗೆದರೆ ಉತ್ತರ ಕೊಡುವ ಆ್ಯಪ್‌ಗಳು ಮತ್ತು ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳು ದೂರದ ಊರಿನ ವಿದ್ಯಾರ್ಥಿಗೆ ವರವೇ ಸರಿ. "ಈ ಹಂತ ಏಕೆ?" ಎಂದು ಕೇಳಲು ಅವುಗಳನ್ನು ಬಳಸಿದರೆ ಗೈಡಿಗಿಂತ ಮೇಲು. ಆದರೆ ತಪ್ಪು ಉತ್ತರವನ್ನೂ ಅವು ಅಷ್ಟೇ ಧೈರ್ಯದಿಂದ ಕೊಡುತ್ತವೆ. ಅಳತೆಯ ಮಾನಗಳು ಸರಿಹೊಂದುತ್ತವೆಯೇ, ಒಳಬಂದದ್ದೂ ಹೊರಹೋದದ್ದೂ ಸಮವೇ, ಉತ್ತರದ ಗಾತ್ರ ಲೋಕಜ್ಞಾನಕ್ಕೆ ಒಪ್ಪುತ್ತದೆಯೇ ಎಂಬ ಮೂರು ಪರಿಶೀಲನೆಗಳಿಗೆ ಎರಡು ನಿಮಿಷ ಸಾಕು. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಎನ್‌ಪಿಟಿಇಎಲ್ ಪಾಠಗಳು ಉಚಿತವಾಗಿ ಸಿಗುತ್ತವೆ; ಅಲ್ಲಿನ ಬಿಡಿಸಿದ ಲೆಕ್ಕಗಳನ್ನು ಪ್ರಾಧ್ಯಾಪಕರು ಕಾರಣ ಹೇಳುತ್ತ ಬಿಡಿಸುವುದರಿಂದ ಅವು ಹೆಚ್ಚು ಭರವಸೆಯವು.

ಮೌಲ್ಯಮಾಪನದಲ್ಲಿ ಅಂಕಗಳು ಸಾಮಾನ್ಯವಾಗಿ ಹಂತವಾರು ಹಂಚಿಹೋಗುತ್ತವೆ. ಪ್ರಾಕ್ಕಲ್ಪನೆಯನ್ನು ಬರೆಯುವುದು, ಯಾವುದನ್ನು ನಿರ್ಲಕ್ಷಿಸಲಾಗಿದೆ ಎಂದು ಹೇಳುವುದು, ಲೆಕ್ಕದ ಆಧಾರ 1,000 ಕಿಲೋ ಎಂದು ನಮೂದಿಸುವುದು, ಕೊನೆಗೆ ಮಾನವನ್ನು ಕಾಣಿಸುವುದು ಈ ಹಂತಗಳಲ್ಲಿ ಸೇರುತ್ತವೆ. ಕ್ಯಾಲ್ಕುಲೇಟರ್ ಒತ್ತುವಾಗ ಕೈತಪ್ಪಿ ಕೊನೆಯ ಅಂಕಿ ಕೆಟ್ಟರೂ ಇವಿಷ್ಟು ಸರಿಯಿದ್ದರೆ ಬಹುಪಾಲು ಅಂಕ ಉಳಿಯುತ್ತದೆ.