ಆಟಕ್ಕೋ, ಅರಿವಿಗೋ?

ಕಣ್ಣೆದುರಿನ ನಿಜ ದೃಶ್ಯದ ಮೇಲೆ ಯಂತ್ರವು ಚಿತ್ರವನ್ನೋ ಅಕ್ಷರವನ್ನೋ ಕೂಡಿಸಿ ತೋರಿಸುವ ವಿದ್ಯೆಗೆ ‘ಆಗ್ಮೆಂಟೆಡ್ ರಿಯಾಲಿಟಿ’ ಎಂದು ಹೆಸರು. ನಮ್ಮ ಮನೆಗಳ ಮಕ್ಕಳು ಇದನ್ನು ಮೊಬೈಲಿನ ಆಟವೆಂದೇ ಬಲ್ಲರು. ಆದರೆ ಇದು ಹುಟ್ಟಿದ್ದು ಆಟಕ್ಕಾಗಿಯೇ? ಇದರ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

1968ರಲ್ಲಿ ಅಮೆರಿಕದ ವಿಜ್ಞಾನಿ ಐವಾನ್ ಸದರ್‌ಲ್ಯಾಂಡ್ ತಲೆಗೆ ಧರಿಸುವ ಸಾಧನವೊಂದರ ವಿವರ ಪ್ರಕಟಿಸಿದರು. ಧರಿಸಿದವರಿಗೆ ಕೋಣೆಯ ನಡುವೆ ಬರಿಯ ಗೆರೆಗಳ ಆಕೃತಿಯೊಂದು ತೇಲುವಂತೆ ಕಾಣುತ್ತಿತ್ತು. ಅದು ಪ್ರಯೋಗಶಾಲೆಯ ಕೌತುಕವಷ್ಟೆ. ಈ ವಿದ್ಯೆಗೆ ಹೆಸರೂ ಉದ್ದೇಶವೂ ದೊರೆತದ್ದು 1990ರ ದಶಕದ ಆರಂಭದಲ್ಲಿ, ಬೋಯಿಂಗ್ ವಿಮಾನ ಕಂಪನಿಯಲ್ಲಿ. ವಿಮಾನದ ತಂತಿಗಳ ಕಂತೆ ಕಟ್ಟುವ ಕೆಲಸಗಾರರು ದೊಡ್ಡ ಹಲಗೆಗಳ ಮೇಲಿನ ನಕ್ಷೆಯನ್ನು ಅನುಸರಿಸಬೇಕಿತ್ತು. ಆ ನಕ್ಷೆಯನ್ನೇ ಅವರ ಕಣ್ಣ ಮುಂದೆ ಮೂಡಿಸಬಾರದೇಕೆ ಎಂದು ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಝೆಲ್ ಯೋಚಿಸಿದರು. 1997ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಸ್ಟೀವನ್ ಫೈನರ್ ಮತ್ತು ಸಂಗಡಿಗರು, ನಡೆದಾಡುವವರಿಗೆ ಎದುರಿನ ಕಟ್ಟಡಗಳ ಹೆಸರು ತೋರಿಸುವ ಸಾಧನ ರಚಿಸಿದರು. ಬೆನ್ನಿಗೆ ಕಂಪ್ಯೂಟರ್ ಹೊತ್ತು ಆಡುವ ಆಟ ಆಸ್ಟ್ರೇಲಿಯದಲ್ಲಿ ಕಾಣಿಸಿಕೊಂಡದ್ದು 2000ದಲ್ಲಿ.

ಜನಸಾಮಾನ್ಯರಿಗೆ ಇದನ್ನು ಪರಿಚಯಿಸಿದ ಕೀರ್ತಿ ಮಾತ್ರ ಆಟದ್ದೇ. 2016ರ ಜುಲೈನಲ್ಲಿ ಬಂದ ‘ಪೋಕೆಮಾನ್ ಗೋ’ ದೇಶದೇಶಗಳ ಮಕ್ಕಳನ್ನೂ ದೊಡ್ಡವರನ್ನೂ ಬೀದಿಗಿಳಿಸಿತು. ಆದರೆ ಒಂದು ಸ್ವಾರಸ್ಯವನ್ನು ಗಮನಿಸಬೇಕು: ಬ್ಯಾಟರಿ ಉಳಿಸಲು, ಸುಲಭವಾಗಿ ಗುರಿ ಹಿಡಿಯಲು, ಅನೇಕರು ಕ್ಯಾಮೆರಾ ನೋಟವನ್ನು ಆರಿಸಿಯೇ ಆಡಿದರು. ಆಟಕ್ಕೆ ಅದಿಲ್ಲದೆಯೂ ನಡೆಯಿತು. ತಂತಿ ಕಟ್ಟುವವನಿಗೆ ಬೇಕಾದದ್ದು ಆ ಚಿತ್ರವೇ.

ಹಾಗೆಂದು ಮಾಹಿತಿಯ ದಾರಿಯೂ ಹೂವಿನ ಹಾಸಿಗೆಯಾಗಿರಲಿಲ್ಲ. 2013ರಲ್ಲಿ 1,500 ಡಾಲರ್ ಬೆಲೆಗೆ ಬಂದ ಗೂಗಲ್ ಗ್ಲಾಸ್ ಕನ್ನಡಕವನ್ನು, ಎದುರಿನವರ ಮುಖಕ್ಕೆ ಕ್ಯಾಮೆರಾ ಹಿಡಿದಂತಾಗುತ್ತದೆಂದು ಜನ ಸಹಿಸಲಿಲ್ಲ. 2015ರಲ್ಲಿ ಅದರ ಸಾರ್ವಜನಿಕ ಮಾರಾಟ ನಿಂತಿತು. ಉಳಿದುಕೊಂಡದ್ದು ಸದ್ದಿಲ್ಲದ ಉಪಯೋಗಗಳು. 2010ರಲ್ಲಿ ‘ವರ್ಡ್ ಲೆನ್ಸ್’ ಎಂಬ ಆ್ಯಪ್, ಬೋರ್ಡಿನ ಮೇಲಿನ ಬರಹದ ಜಾಗದಲ್ಲೇ ಅದರ ಅನುವಾದ ತೋರಿಸಿತು. 2014ರಲ್ಲಿ ಗೂಗಲ್ ಅದನ್ನು ಕೊಂಡಿತು. ಇಂದು ಚೆನ್ನೈಯ ತಮಿಳು ಬೋರ್ಡಿಗೆ ಮೊಬೈಲ್ ಹಿಡಿದರೆ ಕನ್ನಡದಲ್ಲಿ ಅರ್ಥ ಸಿಗುತ್ತದೆ.

ಹೊರನಾಡಿನ ನಮಗೆ ಇದು ಸಣ್ಣ ಸಂಗತಿಯಲ್ಲ. ಊರಿನಿಂದ ಹೊಸದಾಗಿ ಬಂದ ತಂದೆತಾಯಿಯರು ಔಷಧಿ ಅಂಗಡಿಯನ್ನೂ ಬಸ್ಸಿನ ಹಲಗೆಯನ್ನೂ ಯಾರನ್ನೂ ಕಾಯದೆ ಓದಿಕೊಳ್ಳಬಹುದು. ಆದ್ದರಿಂದ ಆಟಕ್ಕಿಂತ ಅರಿವಿಗೇ ಈ ವಿದ್ಯೆ ಹೆಚ್ಚು ಒಪ್ಪುತ್ತದೆಂಬುದು ನಮ್ಮ ಅಭಿಪ್ರಾಯ. ಆದರೆ ಯಂತ್ರ ಕೊಡುವುದು ಆ ಹೊತ್ತಿನ ಅರ್ಥವನ್ನು ಮಾತ್ರ, ಅದೂ ಕೆಲವೊಮ್ಮೆ ತಪ್ಪಾಗಿ. ನೆರೆಮನೆಯವರ ಲಿಪಿಯನ್ನು ನಾವೂ, ಕನ್ನಡದ ಅಕ್ಷರಗಳನ್ನು ನಮ್ಮ ಮಕ್ಕಳೂ ಕಲಿಯುವ ಕೆಲಸ ಇನ್ನೂ ನಮ್ಮದೇ.